ಚೆಲುವಾಂಬೆಯ ನೆರಳು

ದೇಚಮ್ಮನನ್ನು ತರಬೇಕೋ ಬೇಡವೋ ಎಂಬ ಮಾತು ಮಂಡ್ಯದಲ್ಲಿ ಎಷ್ಟು ಬೆಳೆದಿತ್ತೆಂದರೆ, ಸೊಪ್ಪಿನವಳು ಕೂಡ ಕಂತೆಯನ್ನು ಕೈಯಲ್ಲೇ ಹಿಡಿದುಕೊಂಡು ಮೊದಲು ತನ್ನ ಅಭಿಪ್ರಾಯ ಹೇಳಿ ಆಮೇಲೆ ಸೊಪ್ಪು ಕೊಡುತ್ತಿದ್ದಳು. "ತನ್ನಿ ಮೇಡಮ್, ಒಂದ್ ಸಲನಾದ್ರೂ ಕಪ್ ನೋಡವ" ಎನ್ನುವವರು ಅರ್ಧ ಊರು. "ನಮ್ ಭಾನು ಏನ್ ಪಾಪ ಮಾಡವ್ಳೆ?" ಎನ್ನುವವರು ಇನ್ನರ್ಧ. ನಾನು ಎರಡೂ ಕಡೆಯವರಿಗೆ ತಲೆಯಾಡಿಸಿ, ಕೊತ್ತಂಬರಿ ಮರೆತು ಮನೆಗೆ ಬರುತ್ತಿದ್ದೆ.

ನಾನು ಪಂಕಜ, ಮಂಡ್ಯದ ಹೆಂಗಸರ ಬ್ಯಾಸ್ಕೆಟ್‌ಬಾಲ್ ತಂಡದ ಕೋಚ್. ತಂಡಕ್ಕೆ ಕಾಗದದ ಮೇಲೆ ಏನೋ ಭಾರೀ ಹೆಸರಿದೆ. ಆದರೆ ನಮ್ಮ ಮಾಲೀಕರು ಚಿಕ್ಕಲಿಂಗಯ್ಯನವರು ಬೆಲ್ಲದ ವ್ಯಾಪಾರಸ್ಥರು, ಹಾಗಾಗಿ ರಾಜ್ಯವೆಲ್ಲ ನಮ್ಮನ್ನು ಬೆಲ್ಲದ ಟೀಮ್ ಎಂದೇ ಕರೆಯುತ್ತದೆ. ಸೋತ ದಿನ ಎದುರು ಊರಿನವರು "ಬೆಲ್ಲ ಕರಗಿತು" ಎಂದು ಕೂಗುತ್ತಾರೆ. ಕೂಗಲಿ. ಅವರ ಕಾಫಿಗೂ ಬೆಲ್ಲ ಇಲ್ಲಿಂದಲೇ ಹೋಗಬೇಕು.

ದೇಚಮ್ಮ ಬೆಂಗಳೂರು ತಂಡದ ಪಾಯಿಂಟ್ ಗಾರ್ಡ್. ಅಂದರೆ ಚೆಂಡನ್ನು ಹಿಡಿದು ಬಂದು, ಯಾರಿಗೆ ಯಾವಾಗ ಕೊಡಬೇಕೆಂದು ನಿಂತ ನಿಲುವಿನಲ್ಲೇ ತೀರ್ಮಾನಿಸಿ ಆಟ ನಡೆಸುವವಳು. ದೇಶದಲ್ಲೇ ಅವಳಿಗೆ ಸಮ ಇಲ್ಲ ಎಂದರೆ ಸುಳ್ಳಲ್ಲ. ಮೂವತ್ತೊಂದು ವಯಸ್ಸು, ಎಡ ಮಂಡಿಗೆ ಶಸ್ತ್ರಚಿಕಿತ್ಸೆಯಾಗಿದೆ, ಬಾಯಿ ಸ್ವಲ್ಪ ಜೋರು. ಅವಳು ಪಾಸ್ ಕೊಟ್ಟರೆ ಹಿಡಿಯುವ ಕೈಯೂ ಅಷ್ಟೇ ಚುರುಕಾಗಿರಬೇಕು, ಇಲ್ಲದಿದ್ದರೆ ಚೆಂಡು ನೇರ ಮೂಗಿಗೆ. ಇಷ್ಟೆಲ್ಲ ಇದ್ದೂ ಅವಳು ಅಂಗಳಕ್ಕೆ ಇಳಿದರೆ ನೋಡುವುದೇ ಒಂದು ಸುಖ. ನನ್ನ ತಂಡದಲ್ಲಿ ಆ ಜಾಗದಲ್ಲಿ ಇರುವವಳು ಭಾನುಮತಿ. ಇಲ್ಲೇ ಗುತ್ತಲಿನ ಸೊಸೆ, ನಾಲ್ಕು ವರ್ಷದ ಮಗಳ ತಾಯಿ, ಆರು ವರ್ಷದಿಂದ ನನ್ನ ಬೈಗುಳ ತಿಂದು ನಗುವವಳು. ಅವಳನ್ನು ಕಂಡರೆ ನನಗೆ ಪ್ರಾಣ. ಅದಕ್ಕೇ ನನ್ನ ತೀರ್ಮಾನದ ಮೇಲೆ ನನಗೇ ನಂಬಿಕೆ ಇರಲಿಲ್ಲ, ನೆರಳು ಏನು ಹೇಳುತ್ತದೋ ನೋಡೋಣ ಎಂದು ಕೂತಿದ್ದೆ.

ನೆರಳು ಎಂದರೆ ಇಷ್ಟು. ಆಟಗಾರ್ತಿ ಜೆರ್ಸಿಯ ಒಳಗೆ ಉದ್ದ ತೋಳಿನ ಒಂದು ಬನಿಯನ್ ತೊಡುತ್ತಾಳೆ. ಅದರ ನೂಲಿನಲ್ಲಿ ಕೂದಲಿಗಿಂತ ಸಣ್ಣ ತಂತುಗಳಿವೆ. ಯಾವ ಸ್ನಾಯು ಯಾವ ಗಳಿಗೆಯಲ್ಲಿ ಎಷ್ಟು ಬಿಗಿಯಿತು, ಉಸಿರು ಎಲ್ಲಿ ನಿಂತಿತು, ಕತ್ತು ಯಾವ ಕಡೆ ತಿರುಗಿತು, ಎಲ್ಲವನ್ನೂ ಅವು ಕಳಿಸುತ್ತವೆ. ಲೀಗಿನ ಎರಡು ಋತು ಹೀಗೆ ತೊಟ್ಟರೆ ಯಂತ್ರದೊಳಗೆ ಅವಳಂತೆಯೇ ಯೋಚಿಸಿ ಅವಳಂತೆಯೇ ಆಡುವ ಒಂದು ಆಕಾರ ತಯಾರಾಗುತ್ತದೆ. ಅದೇ ಅವಳ ನೆರಳು. ಲೀಗಿನ ಎಲ್ಲ ತಂಡಗಳ ನೆರಳುಗಳೂ ಎಲ್ಲರಿಗೂ ಸಿಗುತ್ತವೆ. ಯಾರನ್ನಾದರೂ ತರುವ ಮೊದಲು ಅವಳ ನೆರಳನ್ನು ನಿಮ್ಮವರ ನೆರಳಿನ ಜೊತೆ ಸೇರಿಸಿ ಮುಂದಿನ ಋತುವನ್ನು ನೂರಾರು ಸಲ ಆಡಿಸಿ ನೋಡಬಹುದು. ಆಟದಲ್ಲಿ ಶುರುವಾದ ಈ ಚಾಳಿ ಈಗ ಮನೆಯೊಳಕ್ಕೂ ಬಂದಿದೆ. ಗಂಡು ಹೆಣ್ಣಿನ ನೆರಳು ಕೂಡಿಸಿ ಸಂಬಂಧ ನೋಡುವ ಕಚೇರಿ ನೂರಡಿ ರಸ್ತೆಯಲ್ಲೇ ಇದೆ. ನನ್ನ ತಂಗಿ ಮಗಳಿಗೆ ಜಾತಕ ಕೂಡಿ ನೆರಳು ಕೂಡದೆ ಒಂದು ಒಳ್ಳೆಯ ಹುಡುಗ ಕೈತಪ್ಪಿದ.

ನಮ್ಮ ನೆರಳುಗಳನ್ನು ನೋಡಿಕೊಳ್ಳುವವನು ಡೆನ್ಜಿಲ್. ಮಂಗಳೂರಿನವನು. ಕ್ರೀಡಾಂಗಣದ ಹಿಂದೆ ಮೊದಲು ನೆಟ್ಟು, ಸುಣ್ಣ ಇಡುತ್ತಿದ್ದ ಕೋಣೆಗೆ ಏಸಿ ಹಾಕಿಸಿ ಅದಕ್ಕೆ ಕಂಟ್ರೋಲ್ ರೂಮ್ ಎಂದು ಹೆಸರಿಟ್ಟುಕೊಂಡಿದ್ದಾನೆ. ಒಳಗೆ ಈಗಲೂ ಸುಣ್ಣದ ವಾಸನೆ. ಆ ಗುರುವಾರ ನಾನೂ ಚಿಕ್ಕಲಿಂಗಯ್ಯನವರೂ ಹೋದಾಗ ಅವನ ಮುಖ ನೋಡಬೇಕಿತ್ತು.

"ಮೇಡಂ, ಬೆಂಗಳೂರಿನವರ ಕಾಗದ ಬಂತು. ದೇಚಮ್ಮನನ್ನು ಕೊಡ್ತಾರಂತೆ. ಬದಲಿಗೆ ಯಾರನ್ನು ಕೇಳಿದ್ದು ಗೊತ್ತುಂಟಾ?"

"ಭಾನುನ ತಾನೇ?" ಎಂದೆ.

"ಭಾನು ಬೇಡವಂತೆ. ಚೆಲುವಾಂಬ ಬೇಕಂತೆ."

ನಾನು ನಕ್ಕುಬಿಟ್ಟೆ. ಚೆಲುವಾಂಬ ಅಂದರೆ ನಮ್ಮ ಚೆಲುವಿ. ಪಾಂಡವಪುರದ ಹತ್ತಿರದ ಹಳ್ಳಿಯವಳು, ಇಪ್ಪತ್ತೆರಡು ವಯಸ್ಸು, ಆರಡಿ ಎರಡಂಗುಲ. ಬಾಗಿಲು ಕಂಡರೆ ತಾನಾಗಿ ಕತ್ತು ಬಗ್ಗಿಸುವವಳು. ಎತ್ತರ ನೋಡಿ ತಂದೆವು. ಮನಸ್ಸು ಬೆಣ್ಣೆ, ಕೈಯೂ ಬೆಣ್ಣೆಯೇ, ಚೆಂಡು ಜಾರುತ್ತದೆ. ತಪ್ಪು ಮಾಡುವ ಮೊದಲೇ "ಸಾರಿ ಅಕ್ಕ" ಎನ್ನುತ್ತಾಳೆ. ಪಂದ್ಯ ಗೆದ್ದಾಯಿತು ಎಂದು ಖಾತ್ರಿಯಾದ ಮೇಲೆ ಕೊನೆಗೆ ಒಂದೆರಡು ನಿಮಿಷ ಅವಳನ್ನು ಇಳಿಸುತ್ತೇನೆ, ಅಷ್ಟೇ.

"ಯಂತ್ರ ಏನಂತದೆ?" ಎಂದರು ಚಿಕ್ಕಲಿಂಗಯ್ಯ.

"ಚೆಲುವಿ ಹೋಗಿ ದೇಚಮ್ಮ ಬಂದ್ರೆ ಹೆಚ್ಚು ಸಲ ಕಪ್ ನಮ್ಮದೇ ಸರ್. ಭಾನು ನೆರಳು ಈ ಎರಡು ಋತುವಿನಲ್ಲಿ ತುಂಬ ಇಳಿದಿದೆ. ಚೆಲುವಿಯದ್ದು ಮಾತ್ರ..." ಅವನು ಗಡ್ಡ ಕೆರೆದುಕೊಂಡ. "ಅದು ಎಂತದೋ ಬೇರೆಯೇ. ನಾವು ಅವಳನ್ನು ಬೆಂಚಿನಲ್ಲೇ ಕೂರಿಸಿ ಲೆಕ್ಕ ಹಾಕಿದ್ದು, ಹಾಗಾಗಿ ಯಾರೂ ನೋಡ್ಲಿಲ್ಲ. ಅವರು ಪೂರ್ತಿ ಪಂದ್ಯ ಆಡಿಸಿ ನೋಡಿದ್ದಾರೆ. ಬಂಗಾರವನ್ನು ಬೆಂಚಿನ ಕೆಳಗೆ ಇಟ್ಟುಕೊಂಡಿದ್ದಾರೆ ಮಂಡ್ಯದವರು, ಅಂತ ಅವರ ಮ್ಯಾನೇಜರ್ ವರದರಾಜನ್ ನನ್ನ ಹತ್ತಿರ ಹೇಳಿದ್ದು."

ನನಗೆ ಉರಿದುಹೋಯಿತು. ಬಂಗಾರ ಯಾವುದು ಹಿತ್ತಾಳೆ ಯಾವುದು ಎಂದು ನನಗೆ ಹೇಳಲು ಆ ಬೆಂಗಳೂರಿನವನ್ಯಾರು? ಚಿಕ್ಕಲಿಂಗಯ್ಯನವರಿಗೆ ಮಾತ್ರ ಖುಷಿಯೋ ಖುಷಿ. "ಮೇಡಮ್, ಪುಣ್ಯ ಕಣ್ರೀ ಇದು. ಅದಲುಬದಲಿಗೆ ಸೋಮವಾರ ಕಡೇ ದಿನ. ನೀವು ಸೈ ಹಾಕಿದ್ರೆ ಮುಗೀತು" ಎಂದು ಹೊರಟರು. ಸುದ್ದಿ ಅವರಿಗಿಂತ ಮೊದಲೇ ಊರು ಸೇರಿತು.

ಮರುದಿನ ಚೆಲುವಿ ಅಭ್ಯಾಸಕ್ಕೆ ಬಂದಳು. ಆ ಹುಡುಗಿ ನೆಟ್ಟಗೆ ನಿಂತಿದ್ದಳು. ಅವಳು ಅಷ್ಟು ಎತ್ತರ ಇದ್ದಾಳೆಂದು ನನಗೇ ಆ ದಿನ ಗೊತ್ತಾದದ್ದು, ಅದುವರೆಗೆ ಬೆನ್ನು ಬಾಗಿಸಿಯೇ ಓಡಾಡಿದ್ದಳು. "ಮೇಡಮ್, ನಾನು ಚೆನ್ನಾಗ್ ಆಡ್ತೀನಂತೆ. ನಂಗೇ ಗೊತ್ತಿರ್ಲಿಲ್ಲ ನೋಡಿ!" ಎಂದಳು. ಭಾನು ಅವಳನ್ನು ತಬ್ಬಿಕೊಂಡು, "ಬೆಂಗ್ಳೂರಲ್ಲಿ ನಮ್ಮನ್ನ ಮರೀಬೇಡ ಕಣಮ್ಮಿ" ಎಂದಳು. ನಗುತ್ತಲೇ ಅಂದಳು. ಆದರೆ ನನ್ನ ಮುಖ ನೋಡಲಿಲ್ಲ. ದೇಚಮ್ಮ ಬಂದರೆ ಬೆಂಚಿಗೆ ಹೋಗುವವಳು ತಾನೇ ಎಂಬುದು ಅವಳಿಗೆ ಗೊತ್ತಿಲ್ಲದ್ದೇನಲ್ಲ, ಅದಕ್ಕೆ ಇರಬೇಕು ಎಂದುಕೊಂಡೆ.

ಶನಿವಾರ ಮಧ್ಯಾಹ್ನ ತಡೆಯಲಾರದೆ ಡೆನ್ಜಿಲ್‌ನ ಕೋಣೆಗೆ ಹೋದೆ. "ಚೆಲುವಿಯನ್ನು ಪೂರ್ತಿ ಪಂದ್ಯ ಆಡಿಸಪ್ಪ. ನನ್ನ ಕಣ್ಣಲ್ಲಿ ನಾನು ನೋಡಬೇಕು" ಎಂದೆ. ಅವನು ಪರದೆಯ ಮೇಲೆ ಅಂಗಳ ಹರಡಿದ. ಬೂದಿ ಬಣ್ಣದ ಹತ್ತು ಆಕಾರಗಳು ಓಡತೊಡಗಿದವು. ಅದರಲ್ಲಿ ಒಂದು ಎಲ್ಲರಿಗಿಂತ ಒಂದು ತಲೆ ಮೇಲಿತ್ತು. ಏನಾಟ ಅಂತೀರಿ! ಆ ಎತ್ತರದಿಂದ ಇಡೀ ಅಂಗಳವನ್ನು ಕಂಡು, ಬಲಕ್ಕೆ ನೋಡಿ ಎಡಕ್ಕೆ ಕೊಟ್ಟು, ಇಬ್ಬರ ನಡುವೆ ನುಸುಳಿ, ಬುಟ್ಟಿಯ ಕೆಳಗೆ ಕಾಯುತ್ತಿದ್ದವಳ ಕೈಗೆ ಚೆಂಡು ಇಟ್ಟಂತೆ ಇಡುತ್ತಿತ್ತು. ನಾನು ಕುರ್ಚಿಯ ತುದಿಗೆ ಬಂದಿದ್ದೆ. ಹಾಗಾದರೆ ಈ ಹುಡುಗಿಯನ್ನು ಇಷ್ಟು ದಿನ ನಾನೇ ಹಾಳು ಮಾಡಿದೆನಾ?

ಅಷ್ಟರಲ್ಲಿ ಆ ಆಕಾರ ಪಾಸ್ ಕೊಡುವ ಮೊದಲು ಎಡಗೈಯನ್ನು ಸೊಂಟದ ಹಿಂದೆ ಒತ್ತಿಕೊಂಡಿತು. ಒಂದೇ ಗಳಿಗೆ. ಸ್ವಲ್ಪ ಹೊತ್ತಿಗೆ ಮತ್ತೆ ಒತ್ತಿಕೊಂಡಿತು.

"ನಿಲ್ಲಿಸು" ಎಂದೆ.

ಹೆರಿಗೆಯಾದ ಮೇಲೆ ಭಾನುಗೆ ಸೊಂಟ ಹಿಡಿದುಕೊಳ್ಳುತ್ತದೆ. ದೊಡ್ಡ ಪಾಸ್ ಕೊಡುವ ಮೊದಲು ಅವಳ ಎಡಗೈ ತಾನಾಗಿ ಅಲ್ಲಿಗೆ ಹೋಗುತ್ತದೆ. ಎದುರಾಳಿಗೆ ಸುಳಿವು ಸಿಗುತ್ತದೆ ಕಣೇ ಎಂದು ನಾನು ಬೈದು ಬೈದು ಸಾಕಾಗಿದ್ದೇನೆ. ಇನ್ನೂ ಮದುವೆಯೇ ಆಗದ ಚೆಲುವಿಗೆ ಬಾಣಂತಿ ಸೊಂಟನೋವು ಎಲ್ಲಿಂದ ಬಂತು?

ನನಗೆ ಮೊದಲು ನಗು ಬಂತು, ಆಮೇಲೆ ವಿಷಯ ಹೊಳೆಯಿತು. ಡೆನ್ಜಿಲ್‌ಗೆ ನಮ್ಮ ತಂಡದ ಪದ್ಧತಿಯೊಂದನ್ನು ಹೇಳಬೇಕಾಯಿತು. ನಾನು ಆಡುತ್ತಿದ್ದ ಕಾಲದಿಂದ ಮಂಡ್ಯದ ಹುಡುಗಿಯರಲ್ಲಿ ಅದು ನಡೆದುಬಂದಿದೆ. ಪಂದ್ಯದಲ್ಲಿ ಯಾರು ಚೆನ್ನಾಗಿ ಆಡಿದಳೋ ಅವಳು ತನ್ನ ಬನಿಯನ್ನನ್ನು ಯಾರು ಕುಗ್ಗಿದ್ದಾಳೋ ಅವಳಿಗೆ ಕೊಟ್ಟು, ಅವಳದ್ದನ್ನು ತಾನು ತೊಡಬೇಕು. ಮುಂದಿನ ಪಂದ್ಯ ಮುಗಿಯುವವರೆಗೆ ಹಾಗೇ. ಒಬ್ಬಳ ಧೈರ್ಯ ಇನ್ನೊಬ್ಬಳಿಗೆ ಅಂಟಲಿ ಎಂದು. ಆಗ ಅವು ಹತ್ತಿಯ ಬನಿಯನ್ನುಗಳು. ತಂತುಗಳ ಬನಿಯನ್ ಬಂದಾಗಲೂ ಪದ್ಧತಿ ನಿಲ್ಲಲಿಲ್ಲ. ನಿಲ್ಲಿಸಬೇಕೆಂದು ನನಗೂ ಹೊಳೆಯಲಿಲ್ಲ. ಹೇಗೆ ಎಳೆದರೂ ಹಿಗ್ಗುವ ನೂಲು, ಯಾರ ಮೈಗಾದರೂ ಆಗುತ್ತದೆ. ಎರಡು ಋತುವಿನಿಂದ ಚೆನ್ನಾಗಿ ಆಡುವವಳು ಹೆಚ್ಚುಕಡಿಮೆ ಭಾನು ಒಬ್ಬಳೇ. ಕುಗ್ಗಿರುವವಳು ಯಾರೆಂದು ಕೇಳುವುದೇ ಬೇಡ.

ಡೆನ್ಜಿಲ್ ತಲೆ ಮೇಲೆ ಕೈ ಹೊತ್ತು ಕೂತ. "ಎಂತ ಮಾರಾಯ್ರೆ ಇದು! ಬನಿಯನ್ ಯಾರ ಹೆಸರಿನದ್ದೋ ಅವರ ನೆರಳಿಗೇ ಎಲ್ಲ ಹೋಗುವುದು, ಒಳಗೆ ಯಾರಿದ್ದದ್ದು ಅಂತ ಅದಕ್ಕೆ ಗೊತ್ತಾಗುವುದಿಲ್ಲ. ಬನಿಯನ್ ಎತ್ತರ ಅಳೆಯುವುದಿಲ್ಲ ಮೇಡಂ, ಎತ್ತರ ನಾವು ಕೈಯಲ್ಲಿ ಹಾಕುವುದು. ಭಾನುವಿನ ಆಟವನ್ನು ಯಂತ್ರ ಆರಡಿ ಎರಡಂಗುಲದ ಮೈಯಲ್ಲಿ ಕೂರಿಸಿದೆ. ಅಂಥವಳು ಭೂಮಿ ಮೇಲೆ ಇಲ್ಲ. ಬೆಂಗಳೂರಿನವರು ಮರುಳಾಗದೆ ಇರ್ತಾರಾ?"

"ಸರಿ ಮಾಡೋಕೆ ಆಗಲ್ವಾ?"

"ಯಾವ ದಿನ ಯಾರು ಯಾರದ್ದು ಹಾಕಿದ್ದು ಅಂತ ಯಾರಿಗೆ ನೆನಪುಂಟು? ಇಬ್ಬರದ್ದೂ ಅಳಿಸಿ ಮೊದಲಿನಿಂದ ಶುರು ಮಾಡ್ಬೇಕು, ಅಷ್ಟೇ."

ಚಿಕ್ಕಲಿಂಗಯ್ಯನವರಿಗೆ ಫೋನ್ ಮಾಡಿದೆ. "ಮೇಡಮ್, ನಾವಾಗಿ ಸುಳ್ಳು ಹೇಳಿಲ್ಲ. ಅವರಾಗಿ ಕೇಳವ್ರೆ. ನೀವು ಬಾಯಿ ಬಿಟ್ರೆ ದೇಚಮ್ಮನೂ ಇಲ್ಲ, ಕಪ್ಪೂ ಇಲ್ಲ, ಆ ಹುಡುಗಿಗೆ ಬೆಂಗ್ಳೂರೂ ಇಲ್ಲ. ಬಿಡದೆ ಇದ್ರೆ ಎಲ್ರಿಗೂ ಎಲ್ಲಾ ಸಿಗ್ತದೆ. ಸೈ ನಿಮ್ಮದು. ನಾನೇನೂ ಹೇಳಲ್ಲ" ಎಂದರು. ಏನೂ ಹೇಳಲ್ಲ ಎನ್ನುತ್ತಲೇ ಎಲ್ಲವನ್ನೂ ಹೇಳಿ ಫೋನಿಟ್ಟರು.

ಅವರ ಮಾತು ಸುಳ್ಳೆಂದು ತಳ್ಳುವ ಹಾಗೂ ಇರಲಿಲ್ಲ. ದೇಚಮ್ಮನ ನೆರಳು ದೇಚಮ್ಮನದ್ದೇ. ಅವಳು ಬಂದರೆ ಕಪ್ ಬಂದರೂ ಬಂದೀತು. ಮಂಡ್ಯ ಕಪ್ ನೋಡಿ ಒಂದು ತಲೆಮಾರೇ ಆಯಿತು, ಆ ಆಸೆ ನನಗೂ ಇದೆ. ಆದರೆ ಚೆಲುವಿ ಬೆಂಗಳೂರಿಗೆ ಹೋದ ಮೊದಲ ವಾರವೇ ಚೆಂಡು ಕೈಜಾರುತ್ತದೆ. "ಸಾರಿ" ಎನ್ನುತ್ತಾಳೆ. ಅಲ್ಲಿ ಅಕ್ಕ ಯಾರೂ ಇರುವುದಿಲ್ಲ. ಬಂಗಾರವೆಂದು ಕೊಂಡವರು ಆಗ ಅವಳನ್ನು ಹೇಗೆ ನೋಡಿಯಾರು?

ಸಂಜೆ ಗುತ್ತಲಿಗೆ, ಭಾನು ಮನೆಗೆ ಹೋದೆ. ಭಾನು ಮಗಳಿಗೆ ಮೊಸರನ್ನ ತಿನ್ನಿಸುತ್ತಿದ್ದಳು. ನಾನು ಇನ್ನೂ ಬಾಗಿಲಲ್ಲೇ ಇದ್ದೆ, ಅಷ್ಟರಲ್ಲಿ ನನ್ನ ಮುಖ ನೋಡಿ, "ಗೊತ್ತಾಯ್ತಾ ಮೇಡಮ್?" ಎಂದಳು.

"ನಿನಗೆ ಯಾವಾಗ ಗೊತ್ತಾಯ್ತೇ?"

"ಚೆಲುವಿ ಬೇಕು ಅಂದ್ರಲ್ಲ, ಆವಾಗ್ಲೇ."

"ಮತ್ತೆ ಬಾಯಲ್ಲಿ ಏನಿಟ್ಟುಕೊಂಡಿದ್ದೆ?"

ಅವಳು ತುತ್ತು ಕಲಸುತ್ತಾ ಹೇಳಿದಳು: "ನಾನು ಹೇಳಿದ್ರೆ ಟ್ರೇಡ್ ನಿಲ್ತದೆ, ನನ್ ಜಾಗ ಉಳೀತದೆ. ಜಾಗ ಉಳಿಸ್ಕೊಳಕ್ಕೆ ಆ ಮಗಿನ ಅನ್ನಕ್ಕೆ ಕಲ್ಲಾಕಿದ್ಲು ಅಂತ ಊರು ಅನ್ನಲ್ವಾ? ಊರು ಹಾಳಾಗ್ಲಿ, ನಂಗೇ ಹಂಗನ್ನಿಸ್ತದೆ. ಅವ್ಳು ಹೆಂಗೆ ನಿಂತ್ಕಂಡಿದ್ಲು ನೋಡಿದ್ರಾ ನಿನ್ನೆ? ಅಷ್ಟುದ್ದ!" ಎಂದು ಅನ್ನದ ಕೈಯನ್ನೇ ಮೇಲಕ್ಕೆತ್ತಿ ತೋರಿಸಿದಳು. ಕಣ್ಣು ತುಂಬಿತ್ತು. ಮಗು ಅಮ್ಮನ ಕೈ ಕೆಳಗಿಳಿಸಿ ತುತ್ತನ್ನು ತಾನೇ ಬಾಯಿಗೆ ಹಾಕಿಕೊಂಡಿತು.

ಇದು ನನ್ನ ಸೈಯೂ ಅಲ್ಲ, ಭಾನುವಿನ ಜಾಗವೂ ಅಲ್ಲ, ಚೆಲುವಿಯ ಬದುಕು ಎಂದು ನನಗೆ ಆಗ ಖಚಿತವಾಯಿತು. ಬೇರೆ ಯಾರಿಗೂ ಹೇಳುವ ಮೊದಲು ಅವಳಿಗೆ ಹೇಳಬೇಕು. ಹೇಳುವುದು ಹೇಗೆ ಎಂಬುದು ಮಾತ್ರ ಹೊಳೆಯಲಿಲ್ಲ.

ಭಾನುವಾರ ಬೆಳಿಗ್ಗೆ ಅವಳ ಹಳ್ಳಿಗೆ ಹೋದೆ. ಚೆಲುವಿಯ ತಾಯಿ ದೇವೀರಮ್ಮ ಶಾಲೆಯಲ್ಲಿ ಬಿಸಿಯೂಟ ಮಾಡುವ ಹೆಂಗಸು, ನನ್ನ ಭುಜಕ್ಕೂ ಬರುವುದಿಲ್ಲ. ಜಗುಲಿ ತುಂಬ ಬಟ್ಟೆ ಹರಡಿಕೊಂಡು ಎರಡು ಬೆಡ್‌ಶೀಟುಗಳನ್ನು ಸೇರಿಸಿ ಹೊಲಿಯುತ್ತಿದ್ದಳು.

"ಬನ್ನಿ ಮೇಡಮ್ಮೋರೆ. ಬೆಂಗ್ಳೂರಲ್ಲಿ ಚಳಿಯಂತಲ್ಲ. ಎಲ್ಲೋದ್ರೂ ಇವ್ಳ ಕಾಲು ಹೊದಿಕೆಯಿಂದ ಆಚೆಗೇ ಇರ್ತದೆ. ಅದ್ಕೇ ಎರಡು ಸೇರಿಸ್ತಾ ಇವ್ನಿ. ಇಷ್ಟುದ್ದ ಬೆಳೆದು ಯಾವನು ಕಟ್ಕತಾನೆ ಅಂತ ಬೈಯ್ತಿದ್ದೆ ಕಣ್ರವ್ವ. ಈಗ ನೋಡಿ, ಉದ್ದವೇ ಕೈ ಹಿಡೀತು."

ಕೊಟ್ಟ ಕಾಫಿಯನ್ನು ಕೆಳಗಿಟ್ಟೆ. ಚೆಲುವಿಯನ್ನು ಪಕ್ಕಕ್ಕೆ ಕೂರಿಸಿಕೊಂಡೆ. ಕೋಚ್ ಆದವಳಿಗೆ ಮಾತು ಬರಬೇಕು, ನನಗೆ ಬರಲಿಲ್ಲ. ಬನಿಯನ್ ವಿಷಯ, ಸೊಂಟದ ವಿಷಯ, ಎಲ್ಲವನ್ನೂ ಅಡ್ಡಾದಿಡ್ಡಿಯಾಗಿ ಹೇಳಿ ಮುಗಿಸಿದೆ. "ತಪ್ಪು ನಿಂದಲ್ಲ ಮಗಳೇ. ತಡೆಯಬೇಕಾದವಳು ನಾನು" ಎಂದೆ. ದೇವೀರಮ್ಮನ ಸೂಜಿ ನಿಂತಿತು.

ಚೆಲುವಿ ತನ್ನ ಅಂಗೈಗಳನ್ನೇ ನೋಡುತ್ತಾ ಕೂತಿದ್ದಳು. ಬೆನ್ನು ಮೊದಲಿನ ಹಾಗೆ ಬಾಗಿತು. ಕೊನೆಗೆ ಸಣ್ಣ ದನಿಯಲ್ಲಿ, "ಹಂಗಾದ್ರೆ ನನ್ ಆಟ ಎಲ್ಲೋಯ್ತು ಮೇಡಮ್?" ಎಂದಳು.

"ಭಾನು ನೆರಳಿನಲ್ಲಿ ಸೇರಿಕೊಂಡಿದೆ ಕಣೇ."

ಅವಳು ತಲೆ ಎತ್ತಿದಳು. "ಅದ್ಕೇನಾ ಅಕ್ಕನ ನೆರಳು ಇಳಿದೋಗಿದ್ದು? ನನ್ನಿಂದನಾ?" ಎಂದಳು. "ಅಕ್ಕನಿಗೆ ಗೊತ್ತಾ ಇದು?"

"ಗೊತ್ತು."

"ಗೊತ್ತಿದ್ದೂ ನನ್ನ ತಬ್ಕಂಡ್ಲಾ?"

ನಾನು ಹೂಂ ಎಂದೆ. ಆಗ ಅತ್ತಳು. ಮುಖ ಮುಚ್ಚಿಕೊಳ್ಳದೆ, ಮಕ್ಕಳು ಅಳುವ ಹಾಗೆ ಬಾಯಿಬಿಟ್ಟು ಅತ್ತಳು. ದೇವೀರಮ್ಮ ಹೊಲಿಯುತ್ತಿದ್ದುದನ್ನು ಬಿಟ್ಟು ಬಂದು ಮಗಳ ತಲೆಯನ್ನು ಹೊಟ್ಟೆಗೆ ಒತ್ತಿಕೊಂಡಳು. ನನ್ನ ಮೇಲೆ ರೇಗುತ್ತಾಳೆ ಎಂದುಕೊಂಡಿದ್ದೆ. ರೇಗಲಿಲ್ಲ, ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಅದೇ ಹೆಚ್ಚು ನೋಯಿಸಿತು.

"ನೋಡು, ನಿನಗೆ ಹೋಗಲೇಬೇಕು ಅನ್ನಿಸಿದರೆ ಹೇಳು," ಎಂದೆ. ನ್ಯಾಯವೋ ಅನ್ಯಾಯವೋ, ಆ ಗಳಿಗೆಯಲ್ಲಿ ಅವಳು ಕೇಳಿದ್ದರೆ ಸೈ ಹಾಕಿಬಿಡುತ್ತಿದ್ದೆ.

ಚೆಲುವಿ ತಾಯಿಯ ಸೆರಗಿನಲ್ಲೇ ಮೂಗು ಒರೆಸಿಕೊಂಡಳು. "ಆ ಬೆಂಗ್ಳೂರ್ ಸಾರ್ ನಂಬರ್ ಕೊಡಿ ಮೇಡಮ್. ನಾನೇ ಹೇಳ್ತೀನಿ."

"ನಾನು ಹೇಳ್ತೀನಿ ಬಿಡೇ, ನಿನಗ್ಯಾಕೆ?"

"ಬೇಕು ಅಂತ ಅವರು ಕೇಳಿದ್ದು ನನ್ನ" ಎಂದಳು. ಆ ದನಿಯನ್ನು ನಾನು ಅವಳಿಂದ ಯಾವತ್ತೂ ಕೇಳಿರಲಿಲ್ಲ.

ಫೋನ್ ಸ್ಪೀಕರಿಗೆ ಹಾಕಿದೆ. ವರದರಾಜನ್ ಬಹಳ ಉಪಚಾರದಿಂದ ಮಾತಾಡಿದರು, ರೂಮ್ ರೆಡಿ ಇದೆ, ಉದ್ದನೆಯ ಮಂಚ ಮಾಡಿಸಿದ್ದೇವೆ ಎಂದರು. ದೇವೀರಮ್ಮ ಕಣ್ಣು ಮುಚ್ಚಿಕೊಂಡಳು. ಚೆಲುವಿ ಒಂದು ಸಲವೂ ಸಾರಿ ಎನ್ನದೆ, ಎಲ್ಲವನ್ನೂ ಹೇಳಿದಳು. ನೀವು ನೋಡಿದ ಆಟ ನಮ್ಮ ಭಾನಕ್ಕನದು, ಎತ್ತರ ಮಾತ್ರ ನನ್ನದು ಎಂದಳು.

"ಇದನ್ನ ಹೇಳೋಕೆ ನಿಮ್ಮ ಮೇಲೆ ಯಾರಾದ್ರೂ ಒತ್ತಡ ಹಾಕಿದಾರಾ?" ಎಂದರು ವರದರಾಜನ್.

"ಇಲ್ಲ ಸಾರ್."

"ಹಾಗಾದ್ರೆ ಈ ಟ್ರೇಡ್ ಆಗೋದಿಲ್ಲಮ್ಮ. ನಿಮಗೆ ಅರ್ಥ ಆಗ್ತಿದೆ ಅಲ್ವಾ?"

"ಆಯ್ತದೆ ಸಾರ್."

ಇಡುತ್ತಾರೆ ಎಂದುಕೊಂಡೆ. ಇಡಲಿಲ್ಲ. ಆ ಮನುಷ್ಯನ ದನಿ ಸ್ವಲ್ಪ ಮೆತ್ತಗಾಯಿತು. "ಸರಿ, ಅದು ಅವರ ಆಟ. ನಿಮ್ಮದು? ನೀವು ನಿಜವಾಗಿ ಹೇಗೆ ಆಡ್ತೀರ?"

ಏನು ಹೇಳಿಯಾಳು? ಚೆಂಡು ಜಾರುತ್ತದೆ ಎನ್ನುತ್ತಾಳಾ, ಬೆಂಚಿನಲ್ಲಿ ಕೂರುತ್ತೇನೆ ಎನ್ನುತ್ತಾಳಾ? ಚೆಲುವಿ ಜಗುಲಿಯಿಂದ ಎದ್ದು ನಿಂತಳು. ಸೂರಿನ ಹಂಚು ತಲೆಗೆ ತಾಗುವಷ್ಟು ಎತ್ತರಕ್ಕೆ, ಪೂರ್ತಿಯಾಗಿ ನಿಂತಳು.

"ಅದು ಇನ್ನೂ ಯಾರಿಗೂ ಗೊತ್ತಿಲ್ಲ ಸಾರ್," ಎಂದಳು. "ನಂಗೂ ಗೊತ್ತಿಲ್ಲ. ನಂದನ್ನ ಇನ್ನೂ ಅಳೆದೇ ಇಲ್ಲ."